ಸೈಟಿನ ನಂಬಿಕೆ: ಬೆಂಗಳೂರಿನ ಮಣ್ಣು ಹೂಡಿಕೆಯಾದ ಬಗೆ

ಬೆಂಗಳೂರಿನ ಮಧ್ಯಮ ವರ್ಗದ ಉಳಿತಾಯದ ಲೆಕ್ಕದಲ್ಲಿ ಸೈಟಿಗಿರುವ ಸ್ಥಾನ ಬೇರೆ ಯಾವುದಕ್ಕೂ ಇಲ್ಲ. ಒಡವೆ ಮಗಳ ಮದುವೆಗೆ, ಬ್ಯಾಂಕಿನ ಠೇವಣಿ ಕಷ್ಟಕಾಲಕ್ಕೆ, ಎಲ್‌ಐಸಿ ಪಾಲಿಸಿ ತೆರಿಗೆ ಉಳಿಸುವುದಕ್ಕೆ. ಸೈಟು ಮಾತ್ರ ಯಾತಕ್ಕೆಂದು ಹೇಳಬೇಕಾಗಿಯೇ ಇಲ್ಲದ ಆಸ್ತಿ. ಅದರಲ್ಲಿ ಮನೆ ಕಟ್ಟಬಹುದು, ಕಟ್ಟದೆಯೂ ಇರಬಹುದು. ನಾಲ್ಕು ಮೂಲೆಗೆ ಕಲ್ಲು ನೆಟ್ಟು, ತಂತಿ ಬೇಲಿ ಎಳೆದು, ಇಪ್ಪತ್ತು ವರ್ಷ ಪಾರ್ಥೇನಿಯಂ ಬೆಳೆಯಲು ಬಿಟ್ಟರೂ ಅದನ್ನು ದಂಡದ ಖರ್ಚು ಎಂದು ಯಾರೂ ಅನ್ನುವುದಿಲ್ಲ. ಹೆಣ್ಣು, ಹೊನ್ನು, ಮಣ್ಣು ಎಂಬ ಹಳೆಯ ಮಾತನ್ನು ಮುಂದಿಟ್ಟು ಈ ಆಸೆಗೆ ಅನಾದಿಕಾಲದ ವಂಶಾವಳಿ ಕಟ್ಟುವುದು ಸುಲಭ. ಆದರೆ ಆ ಮಾತಿನ ಮಣ್ಣು ಉಳುವ ಹೊಲ, ಆಳುವ ಸೀಮೆ. ಮೂವತ್ತಡಿಗೆ ನಲವತ್ತಡಿಯ ಖಾಲಿ ತುಂಡಲ್ಲ. ಸೈಟಿನ ಮೇಲಿನ ನಂಬಿಕೆಗೆ ನೂರಮೂವತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿಲ್ಲ. ಅದನ್ನು ಸಾಕಿ ಬೆಳೆಸಿದವರಲ್ಲಿ ದಲ್ಲಾಳಿಗಳಿಗಿಂತ ಸರ್ಕಾರದ ಪಾಲೇ ದೊಡ್ಡದು.

1537ರಲ್ಲಿ ಕೆಂಪೇಗೌಡ ಕಟ್ಟಿಸಿದ ಪೇಟೆಯಲ್ಲಿ ಮನೆಯ ಜಾಗಕ್ಕೆ ಕಸುಬಿನಿಂದ ಬಿಡಿಸಿದ ಬೆಲೆ ಇರಲಿಲ್ಲ. ಅರಳೆಪೇಟೆ, ಬಳೆಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂದು ಬೀದಿಗಳು ವ್ಯಾಪಾರಕ್ಕೂ ಸಮುದಾಯಕ್ಕೂ ಹಂಚಿಹೋಗಿದ್ದವು. ಮುಂದೆ ಅಂಗಡಿ, ಒಳಗೆ ಸಂಸಾರ, ಹಿಂದೆ ಮಗ್ಗ ಅಥವಾ ಉಗ್ರಾಣ. ಒಂದು ಬೀದಿಯ ಮನೆಯನ್ನು ಇನ್ನೊಂದು ಬೀದಿಯ ಕಸುಬಿನವನು ಬರೀ ಲಾಭಕ್ಕೆಂದು ಕೊಂಡು ಬಿಡುವುದಕ್ಕೆ ಅಲ್ಲಿ ಹೆಚ್ಚು ಅರ್ಥವಿರಲಿಲ್ಲ. ವರ್ತಕನ ಕೈಯಲ್ಲಿ ಮಿಕ್ಕ ಹಣ ಬಡ್ಡಿಗೆ ಹೋಗುತ್ತಿತ್ತು, ಒಡವೆಯಾಗುತ್ತಿತ್ತು, ಛತ್ರ ದೇವಸ್ಥಾನಗಳಿಗೆ ಸಲ್ಲುತ್ತಿತ್ತು. ಪೇಟೆಯ ಆಚೆಗಿನ ನೆಲವನ್ನು ಅಳೆಯುತ್ತಿದ್ದದ್ದು ಬೆಳೆಯ ಲೆಕ್ಕದಲ್ಲಿ: ತರಿ, ಖುಷ್ಕಿ, ಬಾಗಾಯ್ತು. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಕಂದಾಯ ಸರ್ವೆ ಈ ನೆಲಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟಿತು. ಕಂದಾಯ ವಸೂಲಿಗೆಂದು ಹುಟ್ಟಿದ ಆ ಸರ್ವೆ ನಂಬರೇ ಮುಂದೆ ಕ್ರಯಪತ್ರದ ಮೊದಲ ಸಾಲಾಯಿತು. ಗದ್ದೆ ಹೋಗಿ ಬಡಾವಣೆ ಬಂದು ಐವತ್ತು ವರ್ಷವಾದ ಮೇಲೂ ವಕೀಲರು ಕೇಳುವುದು ಅದನ್ನೇ.

1809ರಲ್ಲಿ ಬಂದ ಬ್ರಿಟಿಷರ ದಂಡು ಪ್ರದೇಶ ಬೇರೊಂದು ಮಾದರಿಯನ್ನು ತೋರಿಸಿತು. ಅಲ್ಲಿ ವಿಶಾಲ ಕಾಂಪೌಂಡಿನ ಬಂಗಲೆ, ವರ್ಷ ಎರಡು ವರ್ಷಕ್ಕೆ ವರ್ಗವಾಗಿ ಹೋಗುವ ದೊರೆ, ಬಾಡಿಗೆ ಎಣಿಸುವ ಸ್ಥಳೀಯ ಮಾಲೀಕ. ಮನೆ ಒಂದು ಆದಾಯ ಎಂಬ ಕಲ್ಪನೆ ಅಲ್ಲಿ ಬೇರೂರಿತು. ಆದರೆ ಪೇಟೆಯ ಕಡೆಯ ಬೆಂಗಳೂರು ಅದನ್ನು ಹಾಗೆಯೇ ಅನುಕರಿಸಲಿಲ್ಲ. ಅದಕ್ಕೆ ಬೇರೆ ದಾರಿಯೊಂದು ತೆರೆದುಕೊಂಡಿತು, ತೆರೆದದ್ದು ಇಲಿ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಅದು ಹರಡಿದ ವೇಗ ಕಂಡ ಮೇಲೆ, ಗಾಳಿ ಬೆಳಕಿನ ಹೊಸ ಬಡಾವಣೆಗಳ ವಿಚಾರ ಕಾಗದದಿಂದ ನೆಲಕ್ಕಿಳಿಯಿತು. ಚಾಮರಾಜಪೇಟೆ ಅದಕ್ಕೂ ಕೆಲವು ವರ್ಷ ಮೊದಲೇ ರೂಪುಗೊಂಡಿತ್ತು; ಈಗ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ. ನೇರ ರಸ್ತೆ, ಅಡ್ಡರಸ್ತೆ, ಮನೆಯ ಹಿಂದೆ ಜಲಗಾರರು ಬಂದು ಹೋಗಲು ಕನ್ಸರ್ವೆನ್ಸಿ ಓಣಿ, ಅಳತೆಗೆ ಕತ್ತರಿಸಿದ ನಿವೇಶನಗಳು. ಪೇಟೆಯ ಬೀದಿಗಳಂತೆ ಇಲ್ಲಿಯೂ ಬ್ಲಾಕುಗಳನ್ನು ಜಾತಿ ಸಮುದಾಯಗಳ ಪ್ರಕಾರ ವಿಂಗಡಿಸಲಾಯಿತು. ಆರೋಗ್ಯದ ಹೆಸರಿನಲ್ಲಿ ಹುಟ್ಟಿದ ಬಡಾವಣೆಯ ನಕ್ಷೆಯಲ್ಲೇ ಮಡಿ ಮೈಲಿಗೆಯ ಗೆರೆಯೂ ಇತ್ತು ಎಂಬುದನ್ನು ಇವುಗಳ ಅಂದಚೆಂದ ಹೊಗಳುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಸೈಟಿನ ಇತಿಹಾಸ ಇಲ್ಲಿಂದಲೇ ಶುರು. ಮೊದಲ ಬಾರಿಗೆ ನೆಲವೊಂದು ಮನೆಯಿಲ್ಲದೆ, ಬೆಳೆಯಿಲ್ಲದೆ, ಕಸುಬಿಲ್ಲದೆ, ಬರೀ ಉದ್ದಗಲ ಮತ್ತು ಸಂಖ್ಯೆಯ ಮೂಲಕ ಸಾಮಾನ್ಯ ಮನುಷ್ಯನ ಕೈಗೆ ಬಂತು. ಕೊಟ್ಟದ್ದು ಸರ್ಕಾರ. ಊರಾಚೆ ಹೋಗಲು ಜನ ಹಿಂಜರಿದರು, ಸಂಜೆಯಾದರೆ ನರಿ ಕೂಗುತ್ತಿದ್ದವು ಎಂಬ ನೆನಪುಗಳು ಈ ಬಡಾವಣೆಗಳ ಹಳೆಯ ಕುಟುಂಬಗಳಲ್ಲಿ ಈಗಲೂ ಇವೆ. ಇಂಥ ನೆನಪಿನ ಜೊತೆಗೆ ಯಾವಾಗಲೂ ಇನ್ನೊಂದು ಮಾತು ಬರುತ್ತದೆ: ಆಗ ಕೊಂಡವರು ಗೆದ್ದರು. ಜಯನಗರದ ಬಗ್ಗೆ, ಆಮೇಲೆ ಜೆ.ಪಿ. ನಗರದ ಬಗ್ಗೆ, ಯಲಹಂಕದ ಬಗ್ಗೆ ಇದೇ ಕಥೆ ಮರುಕಳಿಸಿತು. ಕಾಡು, ನರಿ, ಹಿಂಜರಿಕೆ, ಕೊನೆಗೆ ಐಶ್ವರ್ಯ. ನಗರದ ಅಂಚಿನಲ್ಲಿ ನೀರು ರಸ್ತೆ ಇಲ್ಲದ ಕಡೆ ಇವತ್ತು ಸೈಟು ಮಾರುವವರು ಹೇಳುವುದೂ ಇದನ್ನೇ. ನರಿ ಕೂಗಿದ ಕಡೆ ಕೊಂಡೂ ಗೆಲ್ಲದವರ ಕಥೆ ಯಾರ ಮನೆಯಲ್ಲೂ ಉಳಿಯಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸೈಟು ಇನ್ನೂ ಮನೆಗಾಗಿಯೇ ಇತ್ತು. ಸಂಸ್ಥಾನದ ಸರ್ಕಾರಿ ನೌಕರ ನಿವೃತ್ತಿಯ ಹೊತ್ತಿಗೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ವಿಶ್ವೇಶ್ವರಪುರದಲ್ಲೋ ಮನೆ ಕಟ್ಟಿ, ಹಿತ್ತಲಲ್ಲಿ ಒಂದು ಔಟ್‌ಹೌಸ್ ಎಬ್ಬಿಸಿ ಬಾಡಿಗೆಗೆ ಕೊಡುತ್ತಿದ್ದ. ಪಿಂಚಣಿಗೆ ಅದೊಂದು ಊರುಗೋಲು. ಸ್ವಲ್ಪ ಹಣವಂತರು ವಠಾರ ಕಟ್ಟಿಸಿದರು: ಸಾಲು ಮನೆ, ನಡುವೆ ಅಂಗಳ, ಒಂದು ನಲ್ಲಿ, ಹತ್ತು ಸಂಸಾರ. ಆಗಿನ ಹೂಡಿಕೆದಾರನ ಕಣ್ಣು ಬಾಡಿಗೆಯ ಮೇಲಿತ್ತು. ನೆಲದ ಬೆಲೆ ಏರುತ್ತದೆಂದು ಕಾಯುವ ಅಭ್ಯಾಸ ಇರಲಿಲ್ಲ. ಆ ಕಣ್ಣನ್ನು ತಿರುಗಿಸಿದ್ದರಲ್ಲಿ ಬಾಡಿಗೆ ನಿಯಂತ್ರಣಕ್ಕೆ ದೊಡ್ಡ ಪಾತ್ರವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ನಿಯಂತ್ರಣ 1961ರ ಕಾಯ್ದೆಯಲ್ಲಿ ಗಟ್ಟಿಯಾಯಿತು. ಬಾಡಿಗೆ ಏರಿಸುವುದೂ ಬಾಡಿಗೆದಾರನನ್ನು ಬಿಡಿಸುವುದೂ ನ್ಯಾಯಾಲಯದ ಮೆಟ್ಟಿಲು ಹತ್ತುವ ಕೆಲಸವಾದವು. ಕೊಟ್ಟ ಮನೆ ಕೈಬಿಟ್ಟ ಮನೆ ಎಂಬ ಭಯ ಬೆಳೆಯಿತು. ಭೋಗ್ಯದ ಪದ್ಧತಿ, ಅಂದರೆ ದೊಡ್ಡ ಮೊತ್ತ ಒಮ್ಮೆಗೇ ಪಡೆದು ತಿಂಗಳ ಬಾಡಿಗೆ ಬಿಡುವುದು, ಬೆಂಗಳೂರಿನಲ್ಲಿ ಇಷ್ಟು ಜನಪ್ರಿಯವಾಗಿ ಉಳಿದದ್ದಕ್ಕೂ ಈ ಭಯಕ್ಕೂ ಸಂಬಂಧವಿರಬೇಕು. ಖಾಲಿ ಸೈಟಿನಲ್ಲಾದರೆ ಬಾಡಿಗೆದಾರನೇ ಇಲ್ಲ. ಆದಾಯವಿಲ್ಲದಿರುವುದೇ ಅದರ ಗುಣವಾಯಿತು.

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಜನರ ಬಾಯಲ್ಲಿ ಸಿಐಟಿಬಿ, ಸ್ಥಾಪನೆಯಾಯಿತು. 1948ರಲ್ಲಿ ಜಯನಗರಕ್ಕೆ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಅವರ ಹೆಸರನ್ನೇ ಹೊತ್ತ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆಯಿತು. ಎಚ್‌ಎಎಲ್ 1940ರಲ್ಲೇ ಬಂದಿತ್ತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ತಿಂಗಳ ಮೊದಲ ವಾರ ತಪ್ಪದೆ ಸಂಬಳ ಎಣಿಸುವ, ಭವಿಷ್ಯನಿಧಿಯ ಸಾಲ ಸಿಗುವ, ಊರಿನಲ್ಲಿ ಜಮೀನಿದ್ದರೂ ಅಲ್ಲಿಗೆ ಮರಳದ ಸಾವಿರಾರು ಜನರ ಹೊಸ ವರ್ಗ ಹುಟ್ಟಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 7.8 ಲಕ್ಷ, 1981ಕ್ಕೆ 29 ಲಕ್ಷ ದಾಟಿತು. ಮೈಸೂರು, ಹಾಸನ, ತುಮಕೂರು, ಕೋಲಾರದ ಹಳ್ಳಿಗಳಿಂದ ಬಂದವರಿಗೆ ಬೆಂಗಳೂರಿನಲ್ಲಿ ಒಂದು ಸೈಟು ಎಂದರೆ ಊರಿನವರ ಮುಂದೆ ಹೇಳಿಕೊಳ್ಳಬಹುದಾದ ಮೊದಲ ಸುದ್ದಿ.

1976ರ ಕಾಯ್ದೆಯಿಂದ ಸಿಐಟಿಬಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಈ ಎರಡು ಸಂಸ್ಥೆಗಳ ಹಂಚಿಕೆ ಪದ್ಧತಿಯೇ ಬೆಂಗಳೂರಿನ ಹೂಡಿಕೆಯ ಮನಸ್ಸನ್ನು ಎರಕ ಹೊಯ್ದ ಅಚ್ಚು. ರೈತರ ಜಮೀನನ್ನು ಸ್ವಾಧೀನ ಮಾಡಿಕೊಂಡು, ರಸ್ತೆ ಚರಂಡಿ ಹಾಕಿ, ಸೈಟುಗಳನ್ನು ಮಾರುಕಟ್ಟೆಗಿಂತ ಬಹಳ ಕಡಿಮೆಯ ನಿಗದಿತ ಬೆಲೆಗೆ ಅರ್ಜಿದಾರರಿಗೆ ಕೊಡುವುದು ಕ್ರಮ. ಅರ್ಜಿದಾರ ಹಲವು ವರ್ಷ ನಗರದಲ್ಲಿ ವಾಸವಿದ್ದಿರಬೇಕು; ಅವನ ಅಥವಾ ಅವನನ್ನು ಅವಲಂಬಿಸಿದ ಕುಟುಂಬದವರ ಹೆಸರಲ್ಲಿ ಇಲ್ಲಿ ಮನೆ ಸೈಟು ಇರಕೂಡದು. 1984ರ ಹಂಚಿಕೆ ನಿಯಮಗಳ ಪ್ರಕಾರ ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸೈಟು ಸಿಗದೆ ಹೋಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಸಿಕ್ಕ ಸೈಟು ಹತ್ತು ವರ್ಷ ಗುತ್ತಿಗೆ ಸಹಿತ ಮಾರಾಟದ ಕರಾರಿನಲ್ಲಿ ಇರುತ್ತಿತ್ತು. ಅವಧಿ ಮುಗಿದ ಮೇಲೆ ಸಂಪೂರ್ಣ ಕ್ರಯಪತ್ರ.

ಕಾಗದದ ಮೇಲೆ ಇದು ಸಮಾಜವಾದಿ ಆಶಯದ ವ್ಯವಸ್ಥೆ. ನೆಲ ವ್ಯಾಪಾರದ ಸರಕಾಗಬಾರದು, ಮನೆಯಿಲ್ಲದವನಿಗೆ ಮನೆಯಾಗಬೇಕು. ಅದು ಕಲಿಸಿದ ಪಾಠಗಳು ಮಾತ್ರ ಬೇರೆ. ಹಂಚಿಕೆಯ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರ ಮೊದಲ ದಿನವೇ ಕೈಗೆ ಬಂದ ಲಾಭ. ಆ ಅಂತರ ಎಷ್ಟು ಎಂಬುದನ್ನು ಬಿಡಿಎ ತಾನೇ ಊರಿಗೆಲ್ಲ ಸಾರುತ್ತಿತ್ತು: ಅದೇ ಬಡಾವಣೆಯ ಮೂಲೆ ಸೈಟುಗಳನ್ನು ಹಂಚದೆ ಹರಾಜು ಹಾಕುತ್ತಿದ್ದರು. ನಡುವಿನ ಸೈಟು ಪಡೆದವನು ಪಕ್ಕದ ಮೂಲೆ ಸೈಟು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ಪತ್ರಿಕೆಯಲ್ಲಿ ಓದಿದರೆ ಸಾಕು, ತನ್ನ ಅದೃಷ್ಟದ ಮೊತ್ತ ರೂಪಾಯಿ ಪೈಸೆಯಲ್ಲಿ ತಿಳಿಯುತ್ತಿತ್ತು. ಹೀಗೆ ಸೈಟು ಬಹುಮಾನವಾಯಿತು. ಗಳಿಸಿದ್ದಕ್ಕಿಂತ ಒಲಿದು ಬಂದದ್ದು ಎಂಬ ಭಾವ ಅದಕ್ಕೆ ಅಂಟಿಕೊಂಡಿತು. ಸೈಟು ಅಲಾಟ್ ಆಯಿತು ಎಂಬ ಸುದ್ದಿಗೆ ಸಿಹಿ ಹಂಚುವ ರೂಢಿ ಬಂತು. ಅರ್ಜಿಯ ಮೇಲೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಒಂದು ಯೋಗ್ಯತೆಯೇ ಆದ್ದರಿಂದ, ಕಾಯುವುದರಲ್ಲಿ ನಷ್ಟವಿಲ್ಲ ಎಂಬ ಬುದ್ಧಿ ಮೈಗೂಡಿತು. ಹತ್ತು ವರ್ಷ ಮಾರಕೂಡದು ಎಂಬ ನಿಷೇಧವೂ ಹಾಗೆಯೇ. ಬೆಲೆ ಏರುತ್ತಿದ್ದ ಕಾಲದಲ್ಲಿ ಬಲವಂತವಾಗಿ ಹಿಡಿದಿಟ್ಟುಕೊಂಡವರಿಗೆ ಲಾಭ ತಾನಾಗಿ ಬಂದಾಗ, ಸೈಟು ಮಾರುವವನು ದಡ್ಡ ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಯೋಚನೆ ಬೇಕಿರಲಿಲ್ಲ.

ಪ್ರಮಾಣಪತ್ರದ ಸುಳ್ಳೂ ಈ ಪದ್ಧತಿಯ ಕೂಸು. ಬೇರೆ ಆಸ್ತಿ ಇಲ್ಲವೆಂದು ಅಫಿಡವಿಟ್ ಹಾಕಬೇಕಾದ್ದರಿಂದ, ಇರುವ ಮನೆ ತಾಯಿಯ ಹೆಸರಿಗೆ, ಇನ್ನೊಂದು ಸೈಟು ಭಾವಮೈದುನನ ಹೆಸರಿಗೆ ಹೋಯಿತು. ಸಾರ್ವಜನಿಕ ಜೀವನದವರಿಗೆಂದು ಸರ್ಕಾರದ ವಿವೇಚನೆಯ ಮೇಲೆ ಕೊಡುತ್ತಿದ್ದ ‘ಜಿ ಕೆಟಗರಿ’ ಸೈಟುಗಳು ಕಂಡದ್ದನ್ನೇ ಖಚಿತಪಡಿಸಿದವು: ಮೇಲಿನವರೂ ಬಯಸುವುದು ಇದನ್ನೇ.

ಬಿಡಿಎ ಕೊಡುವುದಕ್ಕಿಂತ ಕೇಳುವವರು ಯಾವಾಗಲೂ ಹತ್ತಾರು ಪಟ್ಟು. ಆ ಅಂತರ ತುಂಬಲು ಗೃಹ ನಿರ್ಮಾಣ ಸಹಕಾರ ಸಂಘಗಳು ಹುಟ್ಟಿದವು. ಬ್ಯಾಂಕು, ಕಾರ್ಖಾನೆ, ಇಲಾಖೆ, ವಿಶ್ವವಿದ್ಯಾಲಯ ಎಂದು ಒಂದೊಂದಕ್ಕೂ ಒಂದು ಸಂಘ. ಸಂಘ ಕೇಳಿದರೆ ಸರ್ಕಾರ ಸಾರ್ವಜನಿಕ ಉದ್ದೇಶವೆಂದು ಜಮೀನು ಸ್ವಾಧೀನ ಮಾಡಿಕೊಡುತ್ತಿತ್ತು. 1980ರ ದಶಕದಲ್ಲಿ ಇದು ಮಧ್ಯವರ್ತಿಗಳ ಸುಗ್ಗಿಯಾಯಿತು. ಅಧಿಸೂಚನೆ ಹೊರಡಿಸಿಕೊಡುವುದಕ್ಕೇ ಸಂಘಗಳಿಂದ ಹಣ ಪಡೆಯುವ ಏಜೆಂಟರು ಬಂದರು. ಸಂಸ್ಥೆಗೆ ಸಂಬಂಧವೇ ಇಲ್ಲದವರು ಸಹ ಸದಸ್ಯರಾದರು. ಜಿ.ವಿ.ಕೆ. ರಾವ್ ಸಮಿತಿ ಈ ಸಂಘಗಳ ಅಕ್ರಮಗಳನ್ನು ದಾಖಲಿಸಿತು. 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಧ್ಯವರ್ತಿಯ ಮೂಲಕ ನಡೆದ ಇಂಥ ಸ್ವಾಧೀನವನ್ನು ರದ್ದು ಮಾಡಿದ್ದನ್ನು ಎತ್ತಿಹಿಡಿಯಿತು. ಕಂತು ಕಟ್ಟಿ ಮುಗಿಸಿದ ಎಷ್ಟೋ ಸದಸ್ಯರಿಗೆ ಸೈಟಿನ ಬದಲು ರಸೀದಿಗಳ ಕಟ್ಟು ಉಳಿಯಿತು. ವಿಚಿತ್ರವೆಂದರೆ ಇಷ್ಟಾದರೂ ದೂರು ಬಂದದ್ದು ಸಂಘದ ಮೇಲೆ, ಕಾರ್ಯದರ್ಶಿಯ ಮೇಲೆ. ಸೈಟಿನ ಮೇಲಲ್ಲ.

ನಂಬಿಕೆಯ ಇನ್ನೊಂದು ಕಂಬವನ್ನು ನೆಟ್ಟದ್ದು ನಿಷೇಧದ ಕಾನೂನುಗಳು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಒಡೆತನ ಕೊಟ್ಟಿತು. ಜೊತೆಗೆ ವ್ಯವಸಾಯಗಾರನಲ್ಲದವನೂ ನಿಗದಿತ ಮಿತಿಗಿಂತ ಹೆಚ್ಚು ಆದಾಯವುಳ್ಳವನೂ ಕೃಷಿಭೂಮಿ ಕೊಳ್ಳದಂತೆ 79ಎ, 79ಬಿ ವಿಧಿಗಳ ಬೇಲಿ ಹಾಕಿತು. 1976ರ ನಗರ ಭೂ ಮಿತಿ ಕಾಯ್ದೆ ಬೆಂಗಳೂರಿನಲ್ಲಿ ಒಬ್ಬನ ಖಾಲಿ ಜಾಗಕ್ಕೆ 1,000 ಚದರ ಮೀಟರಿನ ಗಡಿ ಎಳೆಯಿತು. ಮಂಜೂರಾದ ಜಮೀನು ಪರಿಶಿಷ್ಟರ ಕೈತಪ್ಪದಂತೆ 1978ರ ಪಿಟಿಸಿಎಲ್ ಕಾಯ್ದೆ ತಡೆಯಿತು. ಒಂದೊಂದರ ಹಿಂದೆಯೂ ನ್ಯಾಯವಾದ ಕಾರಣವಿತ್ತು. ಆದರೆ ಎಲ್ಲ ಸೇರಿ, ಕ್ರಮಬದ್ಧ ಸೈಟು ಎಂಬುದನ್ನು ಅಪರೂಪದ ವಸ್ತುವನ್ನಾಗಿ ಮಾಡಿದವು. 1971ರಿಂದ 1981ರ ಹತ್ತು ವರ್ಷದಲ್ಲಿ ನಗರದ ಜನ ಮುಕ್ಕಾಲು ಪಾಲು ಹೆಚ್ಚಿದಾಗಲೇ ನೆಲದ ಬಾಗಿಲುಗಳು ಹೀಗೆ ಮುಚ್ಚಿದ್ದವು.

ಬಾಗಿಲು ಮುಚ್ಚಿದ ಕಡೆ ಕಿಂಡಿಯಾಯಿತು ರೆವಿನ್ಯೂ ಸೈಟು. ರೈತನ ಎರಡೆಕರೆಯನ್ನು ಭೂ ಪರಿವರ್ತನೆ ಇಲ್ಲದೆ, ನಕ್ಷೆಯ ಮಂಜೂರಾತಿ ಇಲ್ಲದೆ, ಸುಣ್ಣದ ಪುಡಿಯಿಂದ ಗೆರೆ ಎಳೆದು ತುಂಡು ಮಾಡಿ ಮಾರುವುದು. ನೋಂದಣಿ ಆಗದ ಕಡೆ ಜಿಪಿಎ ಮೇಲೆ ವ್ಯವಹಾರ: ರೈತ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡುತ್ತಾನೆ, ಕೊಂಡವನು ಅಫಿಡವಿಟ್ಟೂ ಕರಾರೂ ಇಟ್ಟುಕೊಂಡು ಒಡೆಯನಾಗುತ್ತಾನೆ, ಬೇಕಾದಾಗ ಇನ್ನೊಬ್ಬನಿಗೆ ಅದನ್ನೇ ದಾಟಿಸುತ್ತಾನೆ. ಇಂಥ ವ್ಯವಹಾರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರಿನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಖಂಡಿತವಾಗಿ ಹೇಳುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಬೀದಿಗಳು ಅಂಥ ಕಾಗದದ ಮೇಲೆಯೇ ನಿಂತಿದ್ದವು.

ರೆವಿನ್ಯೂ ಸೈಟು ಕೊಂಡವರು ತಿಳಿಯದೆ ಕೊಂಡರು ಎನ್ನಲಾಗದು. ಬಹುತೇಕರಿಗೆ ಗೊತ್ತಿತ್ತು. ಆಟೋ ಓಡಿಸುವವರು, ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವವರು ಬಿಡಿಎ ಅರ್ಜಿಯ ಸಾಲಿನಲ್ಲಿ ನಿಲ್ಲಲಾರರು. ಅವರ ಕೈಗೆ ಎಟುಕುತ್ತಿದ್ದದ್ದು 20x30ರ ಈ ತುಂಡೇ. ಅವರ ಲೆಕ್ಕಾಚಾರ ಕಾನೂನಿನದಲ್ಲ, ಸಂಖ್ಯೆಯದು: ಇಷ್ಟೊಂದು ಜನ ಕೊಂಡಿದ್ದಾರೆ, ಎಷ್ಟು ಮನೆ ಒಡೆದಾರು? ಕರೆಂಟು ಬಂದರೆ ಅರ್ಧ ಸಕ್ರಮ, ಕಂದಾಯ ಕಟ್ಟಿಸಿಕೊಂಡರೆ ಮುಕ್ಕಾಲು. ಈ ಲೆಕ್ಕ ತಪ್ಪಾಗಲಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ರಚನೆಯಾದಾಗ ಇಂಥ ಸ್ವತ್ತುಗಳು ಲಕ್ಷಗಟ್ಟಲೆಯಲ್ಲಿ ಒಳಗೆ ಬಂದವು. ತೆರಿಗೆಯೂ ಬೇಕು, ಸಕ್ರಮವೆಂದು ಒಪ್ಪಲೂ ಆಗದು. ಹಾಗಾಗಿ ಬೇರೆ ವಹಿಯಲ್ಲಿ ಬರೆದುಕೊಂಡರು. ಅದೇ ಬಿ ಖಾತೆ. ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂದೆಗೆದವು, ಪೇಟೆಯಲ್ಲಿ ಅದಕ್ಕೆ ಎ ಖಾತೆಗಿಂತ ಕಡಿಮೆ ಬೆಲೆ. ಆದರೂ ಬೆಲೆ ಇತ್ತು, ಏರುತ್ತಲೂ ಇತ್ತು. ಇಂಥ ಸ್ವತ್ತುಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ ಸಕ್ರಮದ ತಿದ್ದುಪಡಿ 2007ರಲ್ಲಿ, ನಿಯಮಗಳು 2014ರಲ್ಲಿ, ಹೈಕೋರ್ಟಿನ ಒಪ್ಪಿಗೆ 2016ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಮರುತಿಂಗಳೇ. ಪ್ರತಿ ಘೋಷಣೆಯೂ ಕಾದವನಿಗೇ ಗೆಲುವು ಎಂಬ ಹಳೆಯ ಪಾಠಕ್ಕೆ ಒಂದು ಟಿಪ್ಪಣಿ ಸೇರಿಸಿತು.

ಇಷ್ಟು ಬಗೆಯ ಸೈಟುಗಳು ಇದ್ದುದರಿಂದ ನಗರದಲ್ಲಿ ಕಾಗದ ಓದುವ ವಿದ್ಯೆಯೇ ಒಂದು ಬೆಳೆಯಿತು. ಶಾಲೆ ಮುಟ್ಟದವರೂ ಮದರ್ ಡೀಡ್, ಇಸಿ, ಪಹಣಿ, ಮ್ಯುಟೇಷನ್, ಗ್ರಾಮಠಾಣಾ, ಡಿಸಿ ಕನ್ವರ್ಷನ್, ಬೆಟರ್‌ಮೆಂಟ್ ಚಾರ್ಜು ಎಂದು ತಡವರಿಸದೆ ಹೇಳುತ್ತಾರೆ. ದಾಯಾದಿಗಳ ಸಹಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 1994ರ ರಾಜ್ಯದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿಗಳ ಮೇಲೆ ಮಗಳ ಸಹಿ ಇದೆಯೇ ಎಂಬುದು ಎರಡನೆಯದು. ಆಸ್ತಿಯ ಹಕ್ಕು ಹೆಣ್ಣುಮಕ್ಕಳಿಗೆ ಎಷ್ಟರಮಟ್ಟಿಗೆ ದಕ್ಕಿತು ಎಂಬುದು ಬೇರೆ ಮಾತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಅಣ್ಣತಮ್ಮಂದಿರು ಸೀರೆ ಹಿಡಿದು ಮನೆಗೆ ಬರುವಷ್ಟು ಮಹತ್ವವಂತೂ ಬಂತು. ಇದರ ಜೊತೆಗೆ ವಾಸ್ತುವಿನ ಲೆಕ್ಕ: ಪೂರ್ವಕ್ಕೂ ಉತ್ತರಕ್ಕೂ ಮುಖವಿದ್ದರೆ ಹೆಚ್ಚು, ದಕ್ಷಿಣಕ್ಕಿದ್ದರೆ ಚೌಕಾಸಿ. ವಾಸ್ತುವನ್ನು ನಂಬದವನೂ ನಾಳೆ ಕೊಳ್ಳುವವನು ನಂಬುತ್ತಾನೆಂದು ಪೂರ್ವದ ಸೈಟನ್ನೇ ಹುಡುಕುತ್ತಾನೆ.

ಜಮೀನು ಕೊಟ್ಟವರ ಕಡೆಯ ಮನಸ್ಸು ಬದಲಾದ ಬಗೆ ಬೇರೆ. ಬಡಾವಣೆಗಳ ಅಡಿಯಲ್ಲಿರುವುದು ರೆಡ್ಡಿಗಳ, ಒಕ್ಕಲಿಗರ, ತಿಗಳರ, ದಲಿತರ ರಾಗಿ ಹೊಲ, ಹೂವಿನ ತೋಟ, ಕೆರೆ ಅಚ್ಚುಕಟ್ಟು. ಪರಿಹಾರವನ್ನು ಲೆಕ್ಕ ಹಾಕುತ್ತಿದ್ದದ್ದು ಮೊದಲ ಅಧಿಸೂಚನೆಯ ದಿನದ ಬೆಲೆಗೆ. ಕೈಗೆ ಬರುವ ಹೊತ್ತಿಗೆ ಆ ಬೆಲೆ ಹಳತಾಗಿರುತ್ತಿತ್ತು. ತಮ್ಮ ಹೊಲದಲ್ಲಿ ಎದ್ದ ಬಡಾವಣೆಯ ಒಂದು ಸೈಟಿನ ಬೆಲೆ ತಾವು ಇಡೀ ಹೊಲಕ್ಕೆ ಪಡೆದದ್ದನ್ನು ಮೀರಿಸಿದ್ದು ಕಂಡ ಊರುಗಳಲ್ಲಿ ಮುಂದಿನ ತಲೆಮಾರು ನೋಟೀಸು ಬರುವ ಮೊದಲೇ ತಾನೇ ಲೇಔಟ್ ಮಾಡತೊಡಗಿತು. ಊರಿನ ಯುವಕ ಡೆವಲಪರ್ ಆದ. ಬಿಡಿಎಯ ಕೆಂಪೇಗೌಡ ಬಡಾವಣೆಯ ಹೊತ್ತಿಗೆ ಜಮೀನು ಕೊಟ್ಟವರಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ. 40ರ ಪಾಲು ಕೊಡುವ ಆಯ್ಕೆ ಬಂತು. ಅಷ್ಟರಲ್ಲಿ ರೈತನೂ ಹೊಲವನ್ನು ಚದರಡಿಯಲ್ಲಿ ಎಣಿಸಲು ಕಲಿತಿದ್ದ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದರಿಂದ ಹಿಡಿದು 1998ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ತೆರೆಯುವವರೆಗಿನ ಐಟಿ ಉದ್ಯಮದ ಕಥೆ ಎಲ್ಲರಿಗೂ ಗೊತ್ತಿರುವುದೇ. ಹೂಡಿಕೆಯ ಮನೋಭಾವವನ್ನು ಅದಕ್ಕಿಂತ ಹೆಚ್ಚು ಬದಲಿಸಿದ್ದು ಸಾಲ. 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಸ್ಥಾಪನೆಯಾದರೂ ಹಳೆಯ ತಲೆಮಾರು ಸಾಲ ಮಾಡಿ ಮನೆ ಕೊಳ್ಳುವುದನ್ನು ಅವಮಾನವೆಂದೇ ಎಣಿಸುತ್ತಿತ್ತು. ಮನೆ ಕಟ್ಟಿ ನೋಡು ಎಂಬ ಗಾದೆಯಲ್ಲಿದ್ದ ಎಚ್ಚರಿಕೆ ಅದೇ. 2000ದ ದಶಕದ ಆರಂಭದಲ್ಲಿ ಬಡ್ಡಿ ಇಳಿಯಿತು, ಗೃಹಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ತೆರಿಗೆ ವಿನಾಯಿತಿ ಸಿಕ್ಕಿತು, 2014ರಲ್ಲಿ ಅದು 2 ಲಕ್ಷವಾಯಿತು. ಇಎಂಐ ಕಟ್ಟದವನೇ ಲೆಕ್ಕ ಬಾರದವನು ಎಂಬಂತಾಯಿತು. ಅಪ್ಪ ನಿವೃತ್ತಿಗೆ ಕಟ್ಟಿದಂಥ ಮನೆಯನ್ನು ಮಗ ಇಪ್ಪತ್ತೆಂಟಕ್ಕೆ ಕೊಂಡ. ಅಮೆರಿಕದಲ್ಲಿದ್ದ ಇನ್ನೊಬ್ಬ ಮಗ ನೋಡದೆಯೇ ಬುಕ್ ಮಾಡಿದ.

ಆದರೆ ಸಾಲ ಸುಲಭವಾಗಿ ಸಿಗುತ್ತಿದ್ದದ್ದು ಅಪಾರ್ಟ್‌ಮೆಂಟಿಗೆ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ 1972ರಲ್ಲೇ ಆಗಿತ್ತು. ಮನಸ್ಸು ಒಗ್ಗಲು ಮೂವತ್ತು ವರ್ಷ ಬೇಕಾಯಿತು. ಆಕಾಶದಲ್ಲಿ ಗೋಡೆ ಕೊಂಡು ಏನು ಮಾಡುವುದು ಎಂದು ಹಿರಿಯರು ಕೇಳಿದ ಪ್ರಶ್ನೆ ಅಷ್ಟೇನೂ ದಡ್ಡತನದ್ದಲ್ಲ. ಕಟ್ಟಡ ಸವೆಯುತ್ತದೆ, ಏರುವುದು ನೆಲದ ಬೆಲೆ. ಫ್ಲ್ಯಾಟಿನವನಿಗೆ ಅದರಲ್ಲಿ ಸಿಗುವುದು ಅವಿಭಜಿತ ಪಾಲು ಮಾತ್ರ, ಅದರ ಮೇಲೆ ಅವನೊಬ್ಬನೇ ಬೇಲಿ ಹಾಕಲಾರ. ಆದರೆ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಫ್ಲ್ಯಾಟಿನಿಂದ ಬರುತ್ತದೆ ಎಂಬುದನ್ನು ಹೊಸ ತಲೆಮಾರು ಕಂಡುಕೊಂಡಿತು. ವಠಾರದ ಮಾಲೀಕನ ಲೆಕ್ಕ ಎಪ್ಪತ್ತು ವರ್ಷದ ಮೇಲೆ ಹಿಂದಿರುಗಿದಂತೆ.

ಸೈಟಿನ ನಂಬಿಕೆಗೆ ಗಟ್ಟಿ ಏಟು ಬಿದ್ದ ಸಂದರ್ಭಗಳೂ ಇವೆ. 2003ರಲ್ಲಿ ಅಧಿಸೂಚನೆಯಾದ ಬಿಡಿಎಯ ಅರ್ಕಾವತಿ ಬಡಾವಣೆಯ ಸ್ವಾಧೀನವನ್ನು 2005ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ಅದೇ ವರ್ಷ ವಿಭಾಗೀಯ ಪೀಠ ಎತ್ತಿಹಿಡಿಯಿತು, 2010ರಲ್ಲಿ ಸುಪ್ರೀಂ ಕೋರ್ಟ್ ಷರತ್ತುಗಳೊಡನೆ ಒಪ್ಪಿತು. ನಡುವೆ ಒಂದೊಂದೇ ಸರ್ವೆ ನಂಬರನ್ನು ಸ್ವಾಧೀನದಿಂದ ಕೈಬಿಡುವ ಡಿನೋಟಿಫಿಕೇಷನ್ ರಾಜಕೀಯದ ದೊಡ್ಡ ಪದವಾಯಿತು. ಹಂಚಿಕೆ ಪತ್ರ ಕೈಯಲ್ಲಿದ್ದೂ ಸೈಟು ಎಲ್ಲಿದೆಯೆಂದು ಗೊತ್ತಿಲ್ಲದ ಹಂಚಿಕೆದಾರರು ಅಲ್ಲಿ ಕಾಣಿಸಿಕೊಂಡರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯುವ ಮುಂಚೆ ಬಳ್ಳಾರಿ ರಸ್ತೆಯ ಎರಡೂ ಬದಿ ಎದ್ದ ಬೆಲೆ, ಅದೇ ವರ್ಷದ ಜಾಗತಿಕ ಕುಸಿತದಲ್ಲಿ ಕೊಳ್ಳುವವರಿಲ್ಲದೆ ನಿಂತಿತು. 2016ರ ನೋಟು ರದ್ದತಿ ಬ್ಲಾಕ್ ಮತ್ತು ವೈಟ್ ಎಂದು ಎರಡು ಭಾಗದಲ್ಲಿ ನಡೆಯುತ್ತಿದ್ದ ವ್ಯವಹಾರದ ಒಂದು ಭಾಗವನ್ನು ಕೆಲಕಾಲ ಕಟ್ಟಿಹಾಕಿತು. ಇಂಥ ಹೊತ್ತಿನಲ್ಲಿ ಸೈಟಿನ ಬೆಲೆ ಇಳಿಯಿತು ಎಂದು ಯಾರೂ ಹೇಳುವುದಿಲ್ಲ. ಮಾರ್ಕೆಟ್ ಡಲ್ ಇದೆ ಎನ್ನುತ್ತಾರೆ. ಷೇರಿನ ಬೆಲೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಸೈಟಿನ ಬೆಲೆ ಮಾರಿದ ದಿನ ಮಾತ್ರ ತಿಳಿಯುವುದರಿಂದ, ಮಾರದವನಿಗೆ ನಷ್ಟವೇ ಇಲ್ಲ. ನಂಬಿಕೆ ಇಷ್ಟು ಬಾಳಿಕೆ ಬಂದದ್ದರ ಗುಟ್ಟು ಬಹುಶಃ ಇಲ್ಲಿದೆ.

ನಗರ ಭೂ ಮಿತಿ ಕಾಯ್ದೆ 1999ರಲ್ಲಿ ರದ್ದಾಯಿತು. ಕೃಷಿಭೂಮಿ ಕೊಳ್ಳುವವರ ಆದಾಯ ಮಿತಿ 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿ, 2020ರ ತಿದ್ದುಪಡಿಯಲ್ಲಿ 79ಎ, 79ಬಿ ವಿಧಿಗಳ ಜೊತೆಗೇ ಹೋಯಿತು. ಅಂದಿನಿಂದ ನಗರದ ಹಣ ಕನಕಪುರ, ಸಕಲೇಶಪುರದ ಕಡೆಗೂ ಧಾರಾಳವಾಗಿ ಹರಿದಿದೆ. ಫಾರ್ಮ್‌ಲ್ಯಾಂಡ್ ಹೆಸರಿನಲ್ಲಿ ತೋಟಗಳನ್ನು ಗುಂಟೆಗಳಾಗಿ ಕತ್ತರಿಸಿ, ಸಾಗುವಳಿಯನ್ನು ಕಂಪನಿಯೇ ನೋಡಿಕೊಳ್ಳುತ್ತದೆಂದು ಮಾರುತ್ತಾರೆ. ಒಂದು ಗುಂಟೆ ಎಂದರೆ 1,089 ಚದರಡಿ. ಹೆಚ್ಚುಕಡಿಮೆ ಒಂದು ಥರ್ಟಿ ಫಾರ್ಟಿ.

ಕಾಗದದ ಕಡೆಯಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ 2017ರಿಂದ ರಾಜ್ಯದಲ್ಲಿ ಹೊಸ ಲೇಔಟು, ಅಪಾರ್ಟ್‌ಮೆಂಟುಗಳ ನೋಂದಣಿಯನ್ನು ಕಡ್ಡಾಯ ಮಾಡಿತು. 2024ರ ಅಕ್ಟೋಬರಿನಿಂದ ಆಗಿನ ಬಿಬಿಎಂಪಿ ವ್ಯಾಪ್ತಿಯ ಸ್ವತ್ತುಗಳ ಮಾರಾಟಕ್ಕೆ ಇ-ಖಾತೆ ಕಡ್ಡಾಯವಾಯಿತು. ಬಿ ವಹಿಯ ಸ್ವತ್ತುಗಳಿಗೂ ಇ-ಖಾತೆ ಸಿಗುತ್ತದೆ, ಬಿ ಎಂಬ ಗುರುತಿನೊಂದಿಗೇ. ಅಧಿಕಾರಿಗಳ ಮಟ್ಟಿಗೆ ಅದು ದಾಖಲೆಯ ಶಿಸ್ತು. ರೆವಿನ್ಯೂ ಸೈಟಿನ ಒಡೆಯ ಮಾತ್ರ ಫೋಟೋ, ಕ್ಯೂಆರ್ ಕೋಡ್ ಇರುವ ಆ ಹಾಳೆಯನ್ನು ಸಕ್ರಮದ ಕಡೆಗಿನ ಇನ್ನೊಂದು ಮೆಟ್ಟಿಲೆಂದೇ ಓದಿಕೊಂಡಿದ್ದಾನೆ, ಮತ್ತು ಬೆಲೆಯನ್ನೂ ಅದಕ್ಕೆ ತಕ್ಕಂತೆ ಹೇಳತೊಡಗಿದ್ದಾನೆ.